ನಕ್ಕ ಚಂದ್ರನ ಮೇಲೆ ಎಫ್‌ಐಆರ್

ಬೆಳೆ ತಿಂದ ಕಳ್ಳನಿಗೆ ಗುಡಿ ಕಟ್ಟಿದ ಊರು ನಮ್ಮದು. ಬೆಂಗಳೂರಿನ ಇವತ್ತಿನ ಬಸವನಗುಡಿ ಆಗ ಸುಂಕೇನಹಳ್ಳಿ. ಅಲ್ಲಿನ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ, ರಾತ್ರೋರಾತ್ರಿ ಯಾರೋ ಬಂದು ಮೇಯ್ದು ಹೋಗುತ್ತಿದ್ದರಂತೆ. ಕಾದು ಕೂತು ನೋಡಿದರೆ ಬಸವ! ದೊಣ್ಣೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋದರು, ಅದು ಅಲ್ಲೇ ಕಲ್ಲಾಗಿ ಕೂತುಬಿಟ್ಟಿತು. ಕಲ್ಲಿನ ಮೇಲೆ ದೂರು ಕೊಡುವುದು ಹೇಗೆ? ಗುಡಿ ಕಟ್ಟಿದರು. ಅಷ್ಟಕ್ಕೇ ಬಿಡದೆ, ‘ಇನ್ನು ಮೇಲೆ ಕದಿಯೋ ಕಷ್ಟ ನಿನಗೆ ಬೇಡ ಮಹಾರಾಯ, ಮೊದಲ ಫಸಲು ನಾವೇ ತಂದುಕೊಡ್ತೀವಿ’ ಅಂತ ರಾಜಿ ಮಾಡಿಕೊಂಡರು. ಆ ರಾಜಿ ಪಂಚಾಯಿತಿಯೇ ಕಾರ್ತೀಕ ಮಾಸದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ. ಕಲ್ಲಾದ ಮೇಲೂ ಬಸವ ಬೆಳೆಯುತ್ತಲೇ ಇತ್ತು, ತಲೆಯ ಮೇಲೆ ತ್ರಿಶೂಲ ನೆಟ್ಟ ಮೇಲಷ್ಟೇ ನಿಂತಿತು ಎನ್ನುವುದು ಕಥೆಯ ಬಾಲಂಗೋಚಿ. ಈಗ ಸುಮಾರು 15 ಅಡಿ ಇದೆ. ಇಡೀ ಬಸವನಗುಡಿಯಲ್ಲಿ ಮೇಲಕ್ಕೆ ಬೆಳೆಯುವುದನ್ನು ನಿಲ್ಲಿಸಿದ್ದು ಅದೊಂದೇ. ಕಟ್ಟಡದ ನಕ್ಷೆ ಮಂಜೂರು ಮಾಡುವ ಕಚೇರಿಯವರು ಇನ್ನಾದರೂ ಒಂದಷ್ಟು ತ್ರಿಶೂಲ ತರಿಸಿಟ್ಟುಕೊಂಡರೆ ಒಳ್ಳೆಯದು.

ಪುಣ್ಯಕ್ಕೆ ಇದು ಹಳೆಯ ಕಥೆ. ದೇವರ ವಾಹನವನ್ನು ಕಳ್ಳ ಅಂದದ್ದು, ದೊಣ್ಣೆ ಎತ್ತಿದ್ದು, ಕೊನೆಗೆ ಕಡಲೆಕಾಯಿಯ ಲಂಚಕ್ಕೆ ಒಪ್ಪಿಸಿದ್ದು, ಮೂರೂ ಸೇರಿದರೆ ಇವತ್ತಿನ ಲೆಕ್ಕದಲ್ಲಿ ಒಂದು ಪ್ರತಿಭಟನೆ, ಎರಡು ಪತ್ರಿಕಾಗೋಷ್ಠಿಗೆ ಸಾಕು. ಆದರೆ ಸುಂಕೇನಹಳ್ಳಿಯವರಿಗೆ ದೇವರ ಜೊತೆ ಅಷ್ಟು ಸಲಿಗೆ ಇತ್ತು. ಸಲಿಗೆ ಇದ್ದ ಕಡೆ ನಗು ಇತ್ತು. ಈಗ ಸಲಿಗೆ ಹೋಗಿದೆ, ಶಿಷ್ಟಾಚಾರ ಬಂದಿದೆ. ದೇವರಿಗೂ ನಮಗೂ ನಡುವೆ ಒಬ್ಬ ಕಾರ್ಯದರ್ಶಿ ಬಂದಿದ್ದಾನೆ, ಅವನಿಗೆ ನಗು ಬರುವುದಿಲ್ಲ.

ನಮ್ಮ ಪೂಜೆಯನ್ನೇ ನೋಡಿ. ಬೆಣ್ಣೆ ಕಳ್ಳ, ಸೀರೆ ಕಳ್ಳ ಎಂದು ಅರ್ಧ ದಿನ ಹಾಡಿ, ಆಮೇಲೆ ಅದೇ ಕಳ್ಳನ ಕೈಗೆ ಮನೆಯ ಭಾರ ಒಪ್ಪಿಸುವ ಜನ ನಾವು. ನಿಂದಾಸ್ತುತಿ ಎಂದು ಒಂದು ಜಾತಿಯ ಹಾಡೇ ಇದೆ, ಬೈಗುಳದ ಬಾಯಲ್ಲಿ ಭಕ್ತಿ. ಗಿರಿಜಾ ಕಲ್ಯಾಣದ ಹರಿಕಥೆಗೆ ಹೋದರೆ ಹೆಣ್ಣಿನ ಕಡೆಯವರು ಗಂಡನ್ನು ನಿಲ್ಲಿಸಿಕೊಂಡು ನೀರಿಳಿಸುತ್ತಾರೆ: ಸ್ವಂತ ಮನೆಯಿಲ್ಲ, ವಾಸ ಸ್ಮಶಾನದಲ್ಲಿ, ಮೈಗೆ ಬೂದಿ, ಕೊರಳಿಗೆ ಹಾವು, ಅಪ್ಪ ಅಮ್ಮ ಯಾರೋ ಗೊತ್ತಿಲ್ಲ. (ಕೊನೆಯದು ಮಲ್ಲೇಶ್ವರದ ವಧು ಅನ್ವೇಷಣೆಯಲ್ಲಿ ಈಗ ಹೆಚ್ಚುವರಿ ಅರ್ಹತೆ.) ತಿರುಮಲದಲ್ಲಿ ಪ್ರಣಯ ಕಲಹೋತ್ಸವವೇ ನಡೆಯುತ್ತದೆ. ಎಲ್ಲಿಗೋ ಹೋಗಿ ಬಂದ ಸ್ವಾಮಿಯ ಮೇಲೆ ದೇವಿಯರು ಮುನಿದು ಹೂವಿನ ಚೆಂಡು ಎಸೆಯುತ್ತಾರೆ. ಕೋಟಿ ಕೋಟಿ ಜನ ಕೈಮುಗಿಯುವ ದೇವರನ್ನು ವರ್ಷಕ್ಕೊಂದು ಸಲ ಹೆಂಡತಿ ಕೈಲಿ ಹೊಡೆಸಿ ಸಂತೋಷಪಡುವ ಸಂಪ್ರದಾಯ ಅದು. ಅದಕ್ಕೂ ಮಂತ್ರವಿದೆ, ಮುಹೂರ್ತವಿದೆ. ನಗು ಅಲ್ಲಿ ಪೂಜೆಗೆ ಬಂದ ಅತಿಥಿಯಲ್ಲ, ಮನೆಯವನೇ.

ದಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ದೇವರನ್ನು ಬಿಟ್ಟು ಭಕ್ತನನ್ನೇ ಹಿಡಿದುಕೊಂಡರು. ಚಳಿಯಲ್ಲಿ ಗಡಗಡ ನಡುಗಿಕೊಂಡು ನದಿಯಲ್ಲಿ ಮುಳುಗೆದ್ದು, ಪಕ್ಕದವರು ಬೆರಗಾಗಲಿ ಎಂದು ಓರೆಗಣ್ಣಲ್ಲಿ ನೋಡುವವನನ್ನು ಪುರಂದರದಾಸರು ಐನೂರು ವರ್ಷದ ಹಿಂದೆಯೇ ನೋಡಿಬಿಟ್ಟಿದ್ದಾರೆ. ಸಾಲುಗಟ್ಟಿ ಇಟ್ಟ ವಿಗ್ರಹಗಳ ದೇವರಮನೆ ಅವರಿಗೆ ಕಂಚುಗಾರನ ಬಿಡಾರದ ಹಾಗೆ ಕಂಡಿತ್ತು. ಆ ಹಾಡನ್ನು ನಮ್ಮ ಬಡಾವಣೆಯ ಭಜನಾ ಮಂಡಳಿಯವರು ರಾಗವಾಗಿ ಹಾಡುತ್ತಾರೆ, ಒಂದು ಸ್ವರವೂ ತಪ್ಪುವುದಿಲ್ಲ. ಹಾಡಿ ಮುಗಿಸಿ, ಹೊಸದಾಗಿ ಮಾಡಿಸಿದ ಬೆಳ್ಳಿ ಮಂಟಪವನ್ನು ತೋರಿಸಿ, ತೂಕ ಎಷ್ಟು ಎಂದೂ ಹೇಳುತ್ತಾರೆ.

ಕನಕದಾಸರು ರಾಮನ ಎದುರಿಗೇ ರಾಗಿಗೂ ಅಕ್ಕಿಗೂ ಜಗಳ ಹಚ್ಚಿದರು. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಅಕ್ಕಿ ಸೊರಗಿತು, ರಾಗಿ ಗಟ್ಟಿಯಾಗಿ ಹೊರಗೆ ಬಂತು. ಅಕ್ಕಿ ತಿನ್ನುವ ಜಾತಿಗಳ ಜಂಭಕ್ಕೆ ಇದಕ್ಕಿಂತ ನಯವಾದ ಪೆಟ್ಟು ಕನ್ನಡದಲ್ಲಿ ಬಿದ್ದಿಲ್ಲ. ನಾವು ಪೆಟ್ಟನ್ನು ಮರೆತು ಕಾವ್ಯವನ್ನು ಪಠ್ಯಪುಸ್ತಕಕ್ಕೆ ಕಳಿಸಿದೆವು. ರಾಮ ಅಂದು ಕೊಟ್ಟ ತೀರ್ಪನ್ನು ಬಸವನಗುಡಿಯಲ್ಲಿ ಈಗ ಡಯಾಬಿಟಿಸ್ ಡಾಕ್ಟರುಗಳು ಜಾರಿ ಮಾಡುತ್ತಿದ್ದಾರೆ. ಮೂರು ತಲೆಮಾರು ಮುದ್ದೆ ಮುಟ್ಟದ ಮನೆಗಳಲ್ಲಿ ಯಜಮಾನರು ರಾತ್ರಿ ಎಂಟಕ್ಕೆ ಕಣ್ಣುಮುಚ್ಚಿಕೊಂಡು ಮುದ್ದೆ ನುಂಗುತ್ತಿದ್ದಾರೆ. ಕನಕದಾಸರು ನಗುತ್ತಿರಬಹುದು.

ಇದೇ ಬಸವನಗುಡಿಯಲ್ಲಿ ಡಿ.ವಿ.ಜಿ. ಇದ್ದರು. ವೇದಾಂತವನ್ನು ಮಂಕುತಿಮ್ಮನ ಬಾಯಲ್ಲಿ ಹೇಳಿಸಿದರೆಂಬುದೇ ಒಂದು ಒಳ್ಳೆಯ ಹಾಸ್ಯ. ‘ಮಂಕುತಿಮ್ಮನ ಕಗ್ಗ’ ಬಂದದ್ದು 1943ರಲ್ಲಿ. ಭಗವದ್ಗೀತೆಗೆ ತಾತ್ಪರ್ಯ ಬರೆಯಬಲ್ಲ ಮನುಷ್ಯ ತನ್ನ ಪುಸ್ತಕಕ್ಕೆ ಮಂಕು, ಕಗ್ಗ ಎಂದು ಹೆಸರಿಟ್ಟುಕೊಂಡ. ದೇವರ ಹತ್ತಿರ ಕೇಳಬೇಕಾದ ವರಗಳ ಪಟ್ಟಿಯಲ್ಲಿ ನಗೆಯನ್ನೂ ಸೇರಿಸಿ ಒಂದು ಪದ್ಯ ಬರೆದ. ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ವೈದಿಕರಿಗೇ ಒಂದು ಸಂಪುಟ ಮೀಸಲಿಟ್ಟು, ಅವರ ಪಾಂಡಿತ್ಯದ ಪಕ್ಕದಲ್ಲೇ ಅವರ ಚೇಷ್ಟೆಗಳಿಗೂ ಎಲೆ ಹಾಕಿ ಬಡಿಸಿದ. ಈಗ ನಗೆಯ ಆ ಪದ್ಯ ಕಗ್ಗ ಕಂಠಪಾಠ ಸ್ಪರ್ಧೆಗಳಲ್ಲಿ ಬಲು ಜನಪ್ರಿಯ. ಮಕ್ಕಳು ರೇಷ್ಮೆ ಲಂಗ ತೊಟ್ಟು, ಕೈಕಟ್ಟಿ ನಿಂತು, ಮುಖ ಬಿಗಿದು ಹೇಳುತ್ತಾರೆ. ನಡುವೆ ಯಾವುದಾದರೂ ಮಗು ನಕ್ಕರೆ ಎರಡು ಅಂಕ ಕಡಿಮೆ.

ಹಾಗಂತ ಊರಲ್ಲಿ ನಗುವೇ ಇಲ್ಲ ಅಂದರೆ ಅನ್ಯಾಯವಾದೀತು. ಬೆಳಿಗ್ಗೆ ಆರಕ್ಕೆ ಲಾಲ್‌ಬಾಗ್‌ಗೆ ಹೋಗಿ. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ಶುರು ಮಾಡಿದ ನಗೆಕೂಟ ಇಲ್ಲಿಗೂ ಬಂದು ಮೊಮ್ಮಕ್ಕಳನ್ನು ಕಂಡಿದೆ. ಸ್ವೆಟರು, ಮಂಕಿ ಕ್ಯಾಪು ತೊಟ್ಟ ಹಿರಿಯರು ಎರಡೂ ಕೈ ಮೇಲೆತ್ತಿ ಹೋ ಹೋ, ಹ ಹ ಹ ಎನ್ನುತ್ತಾರೆ. ಅಲ್ಲಿ ಜೋಕು ಹೇಳುವ ಹಾಗಿಲ್ಲ. ಕಾರಣವಿಲ್ಲದೆ ನಗಬೇಕು, ಅದೇ ಪದ್ಧತಿ. ಶ್ವಾಸಕೋಶಕ್ಕೆ ಒಳ್ಳೆಯದು. ಬೆಳಿಗ್ಗೆ ಕಾರಣವಿಲ್ಲದೆ ನಕ್ಕವರೇ ಸಂಜೆ ಕಾರಣವಿಲ್ಲದೆ ಭಾವನೆಗೆ ಧಕ್ಕೆ ಮಾಡಿಕೊಂಡು ಕೂತಿರುತ್ತಾರೆ ಎನ್ನುವುದನ್ನು ಬಿಟ್ಟರೆ ನನಗೆ ಅವರ ಮೇಲೆ ಬೇರೆ ದೂರಿಲ್ಲ.

ಗಾಂಧಿ ಬಜಾರಿನ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಬೋಳುತಲೆಯ, ಬೊಜ್ಜು ಹೊಟ್ಟೆಯ ನಗುವ ಬುದ್ಧ ಕೂತಿರುತ್ತಾನೆ. ಅವನು ಶಾಕ್ಯಮುನಿ ಬುದ್ಧನಲ್ಲ, ಬುದೈ ಎನ್ನುವ ಚೀನಾದ ಒಬ್ಬ ಜೋಳಿಗೆ ಸನ್ಯಾಸಿ, ಸಾವಿರ ವರ್ಷದ ಹಿಂದಿನವನು. ಮೇಲುಗಡೆ ಗೋಡೆಯಲ್ಲಿ ಹುಬ್ಬು ಗಂಟಿಕ್ಕಿದ ಹನುಮಂತನ ಸ್ಟಿಕ್ಕರು, ಕೆಳಗೆ ನಗುವ ಬುದೈ. ಮನೆದೇವರು ಸಿಟ್ಟಾಗಿರಬೇಕು, ನಗುವ ದೇವರು ಬೇಕಾದರೆ ಚೀನಾದಿಂದ ತರಿಸಿಕೊಳ್ಳಬೇಕು ಎಂದು ಯಾವಾಗ ತೀರ್ಮಾನವಾಯಿತೋ ಗೊತ್ತಿಲ್ಲ. ಹನುಮಂತನ ವಿಷಯದಲ್ಲಂತೂ ಇದು ಶುದ್ಧ ಅನ್ಯಾಯ. ರಾಮಾಯಣದಲ್ಲಿ ಅವನಷ್ಟು ತಮಾಷೆಯಾಗಿ ಆಟವಾಡಿದವರು ಇನ್ನೊಬ್ಬರಿಲ್ಲ. ಬಾಲಕ್ಕೆ ಬೆಂಕಿ ಹಚ್ಚಿದವರ ಊರನ್ನೇ ಅದೇ ಬಾಲದಿಂದ ಸುಟ್ಟು ಬಂದವನು.

ಧಾರ್ಮಿಕ ಭಾವನೆಗೆ ಧಕ್ಕೆಯಾದ ಪ್ರಕರಣಗಳಲ್ಲಿ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠವಾಗಿರುವುದು ಚೌತಿಯದು. ಹೊಟ್ಟೆ ತುಂಬ ಕಡುಬು ತಿಂದ ಗಣಪತಿ ಇಲಿಯ ಮೇಲೆ ಬರುತ್ತಿದ್ದ, ಇಲಿ ಬೆದರಿತು, ಗಣಪತಿ ಬಿದ್ದ, ಹೊಟ್ಟೆ ಒಡೆಯಿತು, ಹಾವು ಹಿಡಿದು ಹೊಟ್ಟೆಗೆ ಸುತ್ತಿಕೊಂಡ. ಮೇಲಿದ್ದ ಚಂದ್ರ ನಕ್ಕ. ಯಾರಿಗಾದರೂ ನಗು ಬರುವ ದೃಶ್ಯವೇ. ಈಗಿನ ಕಾಯಿದೆ ಪ್ರಕಾರ ನೋಡಿದರೆ ಇದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿಗೆ ಬರುತ್ತದೆ. 1927ರಲ್ಲಿ ಬ್ರಿಟಿಷರು ದಂಡಸಂಹಿತೆಗೆ 295ಎ ಎಂದು ಸೇರಿಸಿಹೋದದ್ದು, ಅಂಗಿ ಬದಲಾಯಿಸಿಕೊಂಡು 2024ರ ಜುಲೈಯಿಂದ ಹೊಸ ನಂಬರಿನಲ್ಲಿ ಕೂತಿದೆ. ಮೂರು ವರ್ಷದವರೆಗೆ ಶಿಕ್ಷೆ. ಆದರೆ ಆ ಕಲಮಿಗೂ ಒಂದು ಮರ್ಯಾದೆ ಇದೆ. ಬೇಕೆಂದೇ, ಕೆಟ್ಟ ಉದ್ದೇಶದಿಂದ ಕೆರಳಿಸಿರಬೇಕು ಎನ್ನುತ್ತದೆ. ಫಕ್ಕನೆ ನಗು ಬಂದ ಚಂದ್ರನಿಗೆ ಜಾಮೀನು ಸಿಗುವ ಸಾಧ್ಯತೆ ಚೆನ್ನಾಗಿತ್ತು.

ಗಣಪತಿ ಪೊಲೀಸು, ವಕೀಲ ಅಂತ ಕಾಯಲಿಲ್ಲ, ಅಲ್ಲೇ ಶಾಪ ಕೊಟ್ಟ. ಚಂದ್ರ ಕಾಲು ಹಿಡಿದ ಮೇಲೆ ಅದನ್ನು ವರ್ಷಕ್ಕೊಂದು ರಾತ್ರಿಗೆ ಇಳಿಸಿದ. ಇಷ್ಟರ ಮಟ್ಟಿಗೆ ಗಣಪತಿ ನಮಗಿಂತ ದೊಡ್ಡವನು, ಒಂದು ರಾತ್ರಿಯಲ್ಲಿ ಸಿಟ್ಟು ಇಳಿಯಿತು. ಆದರೆ ಆ ತೀರ್ಪಿನಲ್ಲಿ ಒಂದು ಸ್ವಾರಸ್ಯ ಉಳಿಯಿತು. ಚೌತಿಯ ದಿನ ಅಪವಾದ ಬರುವುದು ನಕ್ಕ ಚಂದ್ರನಿಗಲ್ಲ, ಚಂದ್ರನನ್ನು ನೋಡಿದವರಿಗೆ. ಕೃಷ್ಣನೇ ನೋಡಿ ಶಮಂತಕ ಮಣಿಯ ಕಳ್ಳ ಅನ್ನಿಸಿಕೊಂಡ. ವಾಟ್ಸಾಪಿನಲ್ಲಿ ಬಂದ ವ್ಯಂಗ್ಯಚಿತ್ರ ಬರೆದವನು ಎಲ್ಲೋ ಆರಾಮಾಗಿದ್ದು, ಅದನ್ನು ಮುಂದಕ್ಕೆ ಕಳಿಸಿದ ನಮ್ಮ ಬೀದಿಯ ಹುಡುಗ ಠಾಣೆಯ ಬೆಂಚಿನ ಮೇಲೆ ಕೂರುವ ಪದ್ಧತಿಗೆ ಮೂಲ ಎಲ್ಲಿದೆ ಎಂದು ಹುಡುಕುವವರು ಶಮಂತಕೋಪಾಖ್ಯಾನ ಓದಬಹುದು.

ಇಷ್ಟೆಲ್ಲ ಆದರೂ ಗಣಪತಿಯ ಮೇಲಿನ ಹಾಸ್ಯ ನಿಂತಿಲ್ಲ, ನಿಲ್ಲಿಸುವ ಧೈರ್ಯವೂ ಯಾರಿಗೂ ಇಲ್ಲ. ಹಬ್ಬದ ಮುಂಚೆ ಆರ್.ವಿ. ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ. ಬ್ಯಾಟು ಹಿಡಿದ ಗಣಪ, ಲ್ಯಾಪ್‌ಟಾಪ್ ಗಣಪ, ಬುಲೆಟ್ ಓಡಿಸುವ ಗಣಪ, ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕಿಕೊಂಡ ಗಣಪ. ಯಾವ ಆಗಮಶಾಸ್ತ್ರದಲ್ಲೂ ಇಲ್ಲದ ಈ ಮೂರ್ತಿಗಳನ್ನು ಮಾಡಿದವನು ಮಣ್ಣು ಕಲಸುವ ಬಡ ಕಲಾವಿದ. ಮೂರು ದಿನ ಪೂಜೆ ಮಾಡಿ, ಆರ್ಕೆಸ್ಟ್ರಾ ಹಾಡಿಸಿ, ಮಿಮಿಕ್ರಿ ಮಾಡಿಸಿ, ಕೊನೆಗೆ ಕುಣಿಯುತ್ತ ಕೊಂಡೊಯ್ದು ನೀರಿಗೆ ಬಿಡುತ್ತಾರೆ. ಜನಕ್ಕೆ ದೇವರ ಹತ್ತಿರ ಹೀಗೆ ಆಡುವ ಹಕ್ಕಿದೆ ಎಂದು ಯಾರೂ ಬರೆದುಕೊಟ್ಟಿಲ್ಲ, ಜನ ಕೇಳಿಯೂ ಇಲ್ಲ.

ಭಾವನೆಗೆ ಧಕ್ಕೆ ಎನ್ನುವುದು ಹಾಸ್ಯದ ಕಡೆಯವರಿಗೂ ಆಗುತ್ತದೆ. ಅದಕ್ಕೆ ನಾ. ಕಸ್ತೂರಿಯವರೇ ಸಾಕ್ಷಿ. ರಾಶಿಯವರು 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಕನ್ನಡಿಗರನ್ನು ನಗಿಸಿದವರು, ‘ಅನರ್ಥಕೋಶ’ ಬರೆದು ಮಾತುಗಳಿಗೆ ಇಲ್ಲದ ಅರ್ಥ ಹಚ್ಚಿದವರು. ಅಂಥವರು ಪುಟ್ಟಪರ್ತಿಗೆ ಹೋಗಿ ಸತ್ಯಸಾಯಿ ಬಾಬಾರ ಜೀವನಚರಿತ್ರೆ ಬರೆಯುತ್ತ ಕೂತರು. ಅಷ್ಟು ನಕ್ಕವನು ಕೈಮುಗಿಯಬಹುದೇ ಎಂದು ಹಾಸ್ಯಪ್ರಿಯರಲ್ಲಿ ಕೆಲವರು ನೊಂದುಕೊಂಡರು. ಕೈಮುಗಿಯುವವನು ನಗಬಹುದೇ ಎಂದು ಇವತ್ತು ನೊಂದುಕೊಳ್ಳುವವರಿಗೂ ಇವರಿಗೂ ಏನು ವ್ಯತ್ಯಾಸ? ಇಬ್ಬರ ತಲೆಯಲ್ಲೂ ಅದೇ ಗೋಡೆ: ಈ ಕಡೆ ನಗು, ಆ ಕಡೆ ಭಕ್ತಿ, ನಡುವೆ ಬಾಗಿಲು ಇಲ್ಲ.

ಅದೇ ಬಾಬಾರ ವಿಷಯದಲ್ಲಿ ಇನ್ನೊಂದು ತುದಿಯಲ್ಲಿ ನಿಂತವರು ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು. ಮದುವೆಯಾಗದೆ, ಖಾದಿ ತೊಟ್ಟು, ಗಾಂಧಿ ಟೋಪಿ ಹಾಕಿಕೊಂಡು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬದುಕು ಮುಗಿಸಿದ ಮನುಷ್ಯ. ಪವಾಡ ನಂಬದ ಈ ವಿಚಾರವಾದಿಯ ಕೋಣೆ ಬಸವನಗುಡಿಯ ಎಷ್ಟೋ ಸ್ವಾಮಿಗಳ ಕೋಣೆಗಿಂತ ಬರಿದಾಗಿತ್ತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಪುಟ್ಟಪರ್ತಿಗೆ ಪತ್ರ ಬರೆದರು. ಮುಷ್ಟಿಯಲ್ಲಿ ಅಡಗುವ ಉಂಗುರ, ವಿಭೂತಿ ಯಾಕೆ, ಒಂದು ಕುಂಬಳಕಾಯಿ ಬರಿಸಿ ನೋಡೋಣ ಎನ್ನುವುದು ಅವರ ಸವಾಲಿನ ತಿರುಳು. ಪತ್ರಕ್ಕೆ ಬಾಬಾ ಮಣಿಯಲಿಲ್ಲ. ಕುಂಬಳಕಾಯಿ ಎಂದ ತಕ್ಷಣ ಹೆಗಲು ಮುಟ್ಟಿ ನೋಡಿಕೊಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದರು, ಅವರಲ್ಲಿ ಕೆಲವರಿಗೆ ಸ್ವಂತ ಆಶ್ರಮವೂ ಇತ್ತು. ಸಮಿತಿಯ ವಾದ ವಿವಾದವೆಲ್ಲ ಈಗ ಮರೆತುಹೋಗಿದೆ. ಕುಂಬಳಕಾಯಿ ನೆನಪಿದೆ. ಸಾವಿರ ಪುಟದ ಖಂಡನೆ ಮಾಡಲಾರದ ಕೆಲಸವನ್ನು ಒಂದು ತರಕಾರಿ ಮಾಡಿತು. ಅವರ ಶಿಷ್ಯರೆಂದು ಹೇಳಿಕೊಳ್ಳುವ ಇವತ್ತಿನ ಕೆಲವು ವಿಚಾರವಾದಿಗಳು ಖಂಡನೆಯನ್ನು ಉಳಿಸಿಕೊಂಡು ಕುಂಬಳಕಾಯಿ ಬಿಟ್ಟುಬಿಟ್ಟಿದ್ದಾರೆ. ಅವರ ಭಾಷಣ ಕೇಳುತ್ತಿದ್ದರೆ ಮಠದಲ್ಲಿ ಕೂತ ಹಾಗೇ ಆಗುತ್ತದೆ, ಪ್ರಸಾದ ಮಾತ್ರ ಇರುವುದಿಲ್ಲ.

ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಧಾರ್ಮಿಕ ಹಾಸ್ಯ ಭರ್ಜರಿಯಾಗಿ ನಡೆಯುತ್ತಿದೆ ಎಂದು ಯಾರೋ ಹೇಳಿದರು. ನೋಡಿದೆ. ಎಲ್ಲವೂ ಪಕ್ಕದ ಮನೆಯ ದೇವರ ಮೇಲೆ. ಅದನ್ನು ಹಾಸ್ಯ ಅನ್ನುವುದಾದರೆ ಕಲ್ಲು ತೂರುವುದನ್ನು ಕ್ರೀಡೆ ಅನ್ನಬೇಕು. ಮುಲ್ಲಾ ನಸ್ರುದ್ದೀನನ ಕಥೆಗಳಲ್ಲಿ ಮುಲ್ಲಾನನ್ನು ನೋಡಿ ನಕ್ಕವರು ಮುಸಲ್ಮಾನರೇ. ಆಷಾಢಭೂತಿ ಜಂಗಮರನ್ನು ಜಾಡಿಸಿದ್ದು ಅಂಬಿಗರ ಚೌಡಯ್ಯ, ಹೊರಗಿನವನಲ್ಲ. ನಮ್ಮ ಮನೆಯ ಕನ್ನಡಿಯನ್ನು ಕಿಟಕಿಯ ಹೊರಗೆ ತಿರುಗಿಸಿಟ್ಟು ಪಕ್ಕದವನ ಮೂಗು ಸೊಟ್ಟ ಎಂದು ನಗುವ ಜಾಣತನ ಈಚಿನದು.

ಇನ್ನು ರಾಮನವಮಿಯ ಮಾತಿಗೆ ಬರುತ್ತೇನೆ. ಚಾಮರಾಜಪೇಟೆಯಲ್ಲಿ ರಾಮನವಮಿ ಅಂದರೆ ಊರಹಬ್ಬ. 1939ರಿಂದ ಶ್ರೀ ರಾಮಸೇವಾ ಮಂಡಳಿಯ ಸಂಗೀತ ನಡೆದುಬಂದಿದೆ. ಅದರ ನೆರಳಲ್ಲಿ ಸುತ್ತಮುತ್ತಲ ಬೀದಿಬೀದಿಗೂ ಒಂದೊಂದು ಚಿಕ್ಕ ಚಪ್ಪರ, ಪಾನಕ, ಕೋಸಂಬರಿ. ಅಂಥ ಒಂದು ಚಿಕ್ಕ ಚಪ್ಪರದ ಸಮಿತಿ, ಹೆಸರು ಬೇಡ, ಹರಿಕಥೆ ದಾಸರನ್ನು ಕರೆಸಿ ಮುಂಗಡ ಮಾತುಕತೆಗೆ ಕೂತಿತ್ತು. ದಾಸರು ಗುರುರಾಜುಲು ನಾಯ್ಡು ಅವರ ಕ್ಯಾಸೆಟ್ ಕೇಳಿ ಬೆಳೆದವರು. ದ್ರೌಪದಿಯ ಗೋಳಿಗೆ ಸಭೆಯನ್ನು ಅಳಿಸಿ, ಅದೇ ಉಸಿರಿನಲ್ಲಿ ಕಾಫಿಯ ಮಾತೆತ್ತಿ ನಗಿಸಿ, ಕಣ್ಣೊರೆಸಿಕೊಳ್ಳುವುದು ಅತ್ತಿದ್ದಕ್ಕೋ ನಕ್ಕಿದ್ದಕ್ಕೋ ಎಂದು ಜನಕ್ಕೇ ತಿಳಿಯದ ಹಾಗೆ ಮಾಡುವ ವಿದ್ಯೆ ಅದು.

“ಉಪಕಥೆ ಎಷ್ಟು ಬರ್ತವೆ?” ಎಂದರು ಅಧ್ಯಕ್ಷರು.

“ಸಂದರ್ಭ ನೋಡ್ಕೊಂಡು ಸಾರ್, ಆರೋ ಏಳೋ.”

“ಬರೆದುಕೊಟ್ಬಿಡಿ, ನಾವು ನೋಡಿ ಹೇಳ್ತೀವಿ. ಈಗ ಕಾಲ ಸರಿಯಿಲ್ಲ. ನಾರದರನ್ನ ಚಾಡಿಕೋರ ಅನ್ಬೇಡಿ.”

“ಆಗ್ಲಿ.”

“ಕೋತಿ ಅನ್ಬೇಡಿ. ವಾನರ ವೀರರು ಅನ್ನಿ.”

“ಆಗ್ಲಿ ಸಾರ್.”

“ಕುಂಭಕರ್ಣನ ನಿದ್ದೆ ಬೇಡ.”

“ಅದ್ಯಾಕೆ ಸಾರ್? ಅವನು ರಾಕ್ಷಸ. ಯಾರಿಗೂ ಬೇಜಾರಿಲ್ಲ.”

“ಮುಂದಿನ ಸಾಲಲ್ಲಿ ಶಾಸಕರು ಕೂತಿರ್ತಾರೆ ರೀ. ಹೋದ ವರ್ಷ ಅವರು ಗೊರಕೆ ಹೊಡೀತಿದ್ದಾಗ್ಲೇ ಆ ಘಟ್ಟ ಬಂತು. ಇಡೀ ಚಪ್ಪರ ಅವರ ಕಡೆ ತಿರುಗ್ತು.”

ದಾಸರು ಚಿಟಿಕೆ ತಾಳವನ್ನು ಚೀಲಕ್ಕೆ ಹಾಕಿಕೊಂಡರು. “ಹಾಗಾದ್ರೆ ಬರೀ ಭಕ್ತಿ ಹೇಳ್ಲಾ ಸಾರ್?”

“ಹೂಂ, ಭಕ್ತಿ ಹೇಳಿ. ಗಂಭೀರವಾಗಿರ್ಲಿ.”

“ಹೇಳ್ತೀನಿ. ಒಂದು ಮಾತು ಅಷ್ಟೆ. ಕಥೆ ಶುರು ಆರೂವರೆಗೆ. ಗಂಭೀರ ಭಕ್ತಿಗೆ ಎಂಟು ಗಂಟೆವರೆಗೆ ಜನ ಕೂತ್ಕೋತಾರೆ, ಆಮೇಲೆ ಕೋಸಂಬರಿ ದೊನ್ನೆ ಹಿಡ್ಕೊಂಡು ಎದ್ದು ಹೋಗ್ತಾರೆ. ತಮ್ಮ ಮಂಗಳಾರತಿ ತಟ್ಟೆ ಹೊರಡೋದು ಒಂಬತ್ತೂವರೆಗೆ. ಎಂಟರಿಂದ ಒಂಬತ್ತೂವರೆ ತನಕ ಅವರನ್ನ ಕೂರಿಸೋದು ನಾನಲ್ಲ ಸಾರ್, ಆ ಕೋತಿ, ನಾರದ, ಕುಂಭಕರ್ಣ.”

ಸಮಿತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಖಜಾಂಚಿಗಳು ಹೋದ ವರ್ಷದ ತಟ್ಟೆ ಕಾಸಿನ ಪುಸ್ತಕ ತೆಗೆದು ಪುಟ ತಿರುಗಿಸಿದರು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಧರ್ಮದಲ್ಲಿ ಹಾಸ್ಯಕ್ಕೆ ಸ್ಥಾನವಿದೆ, ಅದು ನಮ್ಮ ಸನಾತನ ಪರಂಪರೆ ಎಂದು ಸರ್ವಾನುಮತದ ನಿರ್ಣಯವಾಯಿತು. ಶಾಸಕರನ್ನು ಎಂಟಕ್ಕೇ ಸನ್ಮಾನ ಮಾಡಿ ಕಳಿಸಿಕೊಡುವುದು, ಆಮೇಲೆ ಕುಂಭಕರ್ಣ. ಹಾಸ್ಯವನ್ನು ಪುಕ್ಕಟೆ ಬಿಡುವುದು ಸರಿಯಲ್ಲ ಎಂದ ಖಜಾಂಚಿಗಳ ಸಲಹೆಯಂತೆ ಅದನ್ನೂ ಸೇವಾ ಪಟ್ಟಿಗೆ ಸೇರಿಸಲಾಯಿತು. ಈಗ ಚಪ್ಪರದ ಬಾಗಿಲಲ್ಲಿ ಕರಿಹಲಗೆ ನೇತುಹಾಕಿದ್ದಾರೆ: ಪಂಚಾಮೃತ ಅಭಿಷೇಕ, ತುಳಸಿ ಅರ್ಚನೆ, ಪಾನಕ ಸೇವೆ, ಅದರ ಕೆಳಗೆ ಹಾಸ್ಯ ಸೇವೆ, 501 ರೂಪಾಯಿ, ರಶೀದಿ ಕಡ್ಡಾಯ.

ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸುತ್ತ ಕೇಳಿದರು: “ಏನಪ್ಪಾ, ಇದಕ್ಕೂ ಗೋತ್ರ ನಕ್ಷತ್ರ ಹೇಳ್ಬೇಕಾ?”

ರಶೀದಿ ಪುಸ್ತಕದಿಂದ ತಲೆ ಎತ್ತದೆ ಕಾರ್ಯದರ್ಶಿಗಳು ಅಂದರು: “ಹೇಳ್ಬೇಕಮ್ಮ. ಸಂಕಲ್ಪ ಇಲ್ದೆ ನಕ್ರೆ ಫಲ ಇಲ್ಲ.”